ಬೆಲ್ಲದ ಲಾರಿಯಲ್ಲಿ ಬಂದ ಕುರ್ಚಿ

ನಿನ್ನೆ ಅಂಗಡಿಯವನು ಕಳಿಸಿದ ಬೆಲ್ಲ ನೋಡಲು ಕಪ್ಪಗಿತ್ತು. ಅಲ್ಲಲ್ಲಿ ಗೋಣಿಯ ನಾರು ಅಂಟಿಕೊಂಡಿತ್ತು, ಮೂಸಿದರೆ ಸಣ್ಣಗೆ ಡೀಸೆಲ್ ವಾಸನೆ. ಯಾವುದೋ ಲಾರಿಯಲ್ಲಿ ಎಣ್ಣೆ ಡಬ್ಬದ ಪಕ್ಕ ಕೂತು ಬಂದಿರಬೇಕು. ಬೇರೆ ಯಾರಾದರೂ ಆಗಿದ್ದರೆ ಅಂಗಡಿಯವನಿಗೆ ನಾಲ್ಕು ಮಾತು ಅಂದು ವಾಪಸ್ಸು ಕಳಿಸುತ್ತಿದ್ದರು. ನಾನು ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು ಅದನ್ನು ಇನ್ನೊಂದು ಸಲ ಮೂಸಿದೆ, ಮತ್ತೂ ಒಂದು ಸಲ ಮೂಸಿದೆ. ನೀರು ಕುಡಿಯಲು ಬಂದ ನಮ್ಮ ಡಾಕ್ಟ್ರು, "ಏನೇ ಅದು, ನಶ್ಯ ಶುರು ಮಾಡ್ದ್ಯಾ?" ಎಂದರು. "ನಮ್ಮ ಹನಿಮೂನಿನ ವಾಸನೆ, ನೀವೂ ನೋಡಿ" ಎಂದು ಉಂಡೆಯನ್ನು ಅವರ ಮೂಗಿಗೇ ಹಿಡಿದೆ.

ನಮ್ಮ ಡಾಕ್ಟ್ರು ಎಂದರೆ ನನ್ನ ಗಂಡ. ಹೆಸರು ಹಿಡಿದು ಕರೆಯುವ ಧೈರ್ಯ ಇಷ್ಟು ವರ್ಷವಾದರೂ ನನಗೆ ಬಂದಿಲ್ಲ, ಬೈಯುವ ಧೈರ್ಯ ಮಾತ್ರ ಮದುವೆಯಾದ ವಾರಕ್ಕೇ ಬಂತು. ಅವರು ಹಲ್ಲಿನ ಡಾಕ್ಟರು. ಹಿರಿಯೂರಿನಲ್ಲಿ ಎರಡು ತಲೆಮಾರಿನ ಹಲ್ಲು ಕಿತ್ತಿದ್ದಾರೆ. ಈಗ ಅವರ ಬಾಯಲ್ಲೇ ಸ್ವಂತದ್ದು ಅಂತ ಉಳಿದಿರುವುದು ನಾಲ್ಕು, ಅದರಲ್ಲಿ ಒಂದು ಅಲ್ಲಾಡುತ್ತಿದೆ. ಅದನ್ನು ಕೀಳಿಸಿಕೊಳ್ಳಲು ಭಯ.

ಎಪ್ಪತ್ತರ ದಶಕದ ನಡುವಿನಲ್ಲಿ ನಮ್ಮ ಮದುವೆಯಾಯಿತು. ನಾನು ಚಿತ್ರದುರ್ಗದ ಪಾತ್ರೆ ಅಂಗಡಿಯವರ ಮಗಳು, ಸೇರಿದ್ದು ಹೊಸದುರ್ಗದ ಕೊಬ್ಬರಿ ಮಂಡಿಯ ಮನೆಗೆ. ಮನೆ ತುಂಬ ಹದಿನೆಂಟು ಜನ, ಒಂದು ಬಚ್ಚಲು. ಮುಂಜಾನೆ ಆ ಬಚ್ಚಲಿನ ಮುಂದೆ ಸಾಲು ನಿಂತು ನಿಂತು ನನಗೆ ಓರಗಿತ್ತಿಯರ ಬೆನ್ನಿನ ಪರಿಚಯ ಮುಖಕ್ಕಿಂತ ಚೆನ್ನಾಗಿ ಆಗಿತ್ತು. ಮನೆಯ ಹಾಸಿಗೆ, ತಲೆದಿಂಬು, ಮಜ್ಜಿಗೆ ಎಲ್ಲಕ್ಕೂ ಕೊಬ್ಬರಿ ವಾಸನೆ. ಜನ ಒಳ್ಳೆಯವರೇ, ಸುಳ್ಳು ಹೇಳಬಾರದು. ಆದರೆ ನನಗೆ ನನ್ನದೇ ಒಂದು ಬಾಗಿಲು ಬೇಕಿತ್ತು, ನಾನೇ ಚಿಲಕ ಹಾಕಿಕೊಳ್ಳುವಂಥದ್ದು. ಡಾಕ್ಟ್ರಿಗೆ ಹಲ್ಲು ನೋಡಲು ಒಂದು ಶಾಪು ಬೇಕಿತ್ತು. ಹಿರಿಯೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಮುಂದೆ ಶಾಪು ಹಿಂದೆ ಮನೆ ಆಗುವಂತಹ ಜಾಗವನ್ನೂ ನೋಡಿಟ್ಟಿದ್ದರು. ಅಡ್ಡ ಇದ್ದವರು ಮಾವ ಒಬ್ಬರೇ.

ಮಾವ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಒಳಗಿನ ಕೊಬ್ಬರಿಯ ಜಾತಕ ಹೇಳುತ್ತಿದ್ದರು. ಮನುಷ್ಯರನ್ನೂ ಹಾಗೇ ಅಲ್ಲಾಡಿಸಿ ನೋಡುವ ಅಭ್ಯಾಸ. ಮಗ ಬೆಂಗಳೂರಿಗೆ ಡಾಕ್ಟರು ಓದಲು ಹೋದಾಗ ಇಡೀ ಪೇಟೆಗೆ ಸಕ್ಕರೆ ಹಂಚಿದ್ದರಂತೆ. ಓದಿದ್ದು ಬರೀ ಹಲ್ಲು ಎಂದು ಗೊತ್ತಾದಾಗ ಎರಡು ದಿನ ಮಂಡಿಗೆ ಹೋಗಲಿಲ್ಲವಂತೆ. "ಮೈಯಾಗೆ ಇಷ್ಟು ಜಾಗ ಐತೆ, ಇವ್ನು ಬಾಯೊಂದೇ ಓದ್ಕಂಡು ಬಂದವ್ನೆ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಹಲ್ಲು ನೋವಾದರೆ ಜನ ಲವಂಗ ಕಚ್ಚಿಕೊಳ್ಳುತ್ತಾರೆ, ಬಿದ್ದರೆ ಉಗಿಯುತ್ತಾರೆ, ಇದಕ್ಕೊಬ್ಬ ಡಾಕ್ಟರು ಯಾಕೆ ಎಂಬುದು ಅವರ ವಾದ.

ಹೀಗಿರುವಾಗ ಪುಣೆಯಿಂದ ಡಾಕ್ಟ್ರ ಸಹಪಾಠಿಯ ಕಾಗದ ಬಂತು. ಅಲ್ಲೊಬ್ಬ ವಯಸ್ಸಾದ ಹಲ್ಲಿನ ವೈದ್ಯರು ವೃತ್ತಿ ಬಿಡುತ್ತಿದ್ದಾರೆ, ರೋಗಿ ಕೂರುವ ದೊಡ್ಡ ಕುರ್ಚಿಯನ್ನು ಕಡಿಮೆಗೆ ಕೊಡುತ್ತಾರೆ, ಬೇಗ ಬಾ ಎಂದು. ಡಾಕ್ಟ್ರು ಕಾಗದವನ್ನು ನಡುಮನೆಯಲ್ಲಿ ಓದಿದರು. ಮಾವ ಕೇಳಿಸಿಕೊಂಡು ತೀರ್ಪು ಕೊಟ್ಟರು:

"ಯುಗಾದಿ ಒಳಗೆ ಆ ಕುರ್ಚಿ ಈ ಮನೆ ಮುಂದೆ ಬಂದು ನಿಂತ್ರೆ ಹಿರಿಯೂರಿಗೆ ಹೋಗ್ರಿ, ಬ್ಯಾಡ ಅನ್ನಲ್ಲ. ನನ್ನ ದುಡ್ಡು ಮುಟ್ಟಂಗಿಲ್ಲ, ನನ್ನ ಲೋಡು ಹೊಡೆಯೋ ಲಾರಿಯೋರ್ನ ಕೇಳಂಗಿಲ್ಲ. ಬರ್ಲಿಲ್ಲ ಅಂದ್ರೆ ಹಬ್ಬದ ದಿನ ತಕ್ಕಡಿ ಮುಂದೆ ಕುಂತ್ಕ. ಆಮ್ಯಾಲೆ ಹಲ್ಲಿನ ಮಾತು ಎತ್ತಂಗಿಲ್ಲ."

ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ ಇಬ್ಬರೂ ಹೊರಟೆವು. ನಾನೇಕೆ ಎಂದರೆ, ನಮ್ಮ ಡಾಕ್ಟ್ರಿಗೆ ಚೌಕಾಸಿ ಬಾರದು. ಕೇಳಿದಷ್ಟು ಕೊಟ್ಟು ಥ್ಯಾಂಕ್ಸ್ ಬೇರೆ ಹೇಳುವ ಜಾತಿ. ಅಂಗಡಿಯವನ ಮಗಳಾದ ನಾನು ಆ ವಿಷಯದಲ್ಲಿ ಸ್ವಲ್ಪ ಜಂಬದಲ್ಲೇ ಇದ್ದೆ.

ಕುರ್ಚಿ ಎಂದಾಗ ನಾನು ಕುರ್ಚಿಯನ್ನೇ ಊಹಿಸಿಕೊಂಡಿದ್ದೆ. ಅಲ್ಲಿ ನೋಡಿದರೆ ಎರಕದ ಕಬ್ಬಿಣದ ಬುಡ, ಎತ್ತರದ ಬೆನ್ನು, ತಲೆಗೆ ಎರಡು ಮೆತ್ತೆ, ಎರಡು ಕಡೆ ಅಗಲವಾದ ತೋಳು, ಪಕ್ಕದಲ್ಲಿ ಉಗುಳಲು ಬಿಳಿ ಪಿಂಗಾಣಿ ಬಟ್ಟಲು, ಕೆಳಗೊಂದು ಪೆಡಲು. ಪೆಡಲು ಒತ್ತಿದರೆ ಕುರ್ಚಿ ಮೇಲೇರುತ್ತದೆ. ಆ ವೈದ್ಯರ ಹೆಂಡತಿ ಅದಕ್ಕೆ ಧೂಳು ಕೂರದಿರಲೆಂದು ದಪ್ಪ ಕಾವಿ ಬಟ್ಟೆಯ ಗವಸು ಹೊಲಿದಿದ್ದರು, ಅದನ್ನೂ ಪುಕ್ಕಟೆ ಕೊಟ್ಟರು. ನಾಲ್ಕು ಜನ ಹಮಾಲರು ಉಸಿರು ಕಟ್ಟಿ ಅದನ್ನು ಕೆಳಗಿಳಿಸಿ ರಸ್ತೆ ಬದಿಗೆ ಇಟ್ಟು ಹೊರಟುಹೋದರು. ಯುಗಾದಿಗೆ ಎಂಟು ದಿನ ಇತ್ತು. ನಾವಿಬ್ಬರು, ನಡುವೆ ಆ ಕುರ್ಚಿ, ಸುತ್ತ ಪುಣೆ.

ಮೊದಲು ರೈಲ್ವೆ ಪಾರ್ಸಲ್ ಆಫೀಸು. ಅಲ್ಲಿನವರು ಮರದ ಪೆಟ್ಟಿಗೆ ಕಟ್ಟಿಸಿ ತನ್ನಿ ಎಂದರು. ಮೀರಜ್‌ನಲ್ಲಿ ದೊಡ್ಡ ಹಳಿ ಮುಗಿದು ಸಣ್ಣ ಹಳಿ ಶುರುವಾಗುತ್ತದೆ, ಅಲ್ಲಿ ಇಳಿಸಿ ಹತ್ತಿಸಬೇಕು, ಬಟ್ಟಲು ಉಳಿದರೆ ನಿಮ್ಮ ಅದೃಷ್ಟ, ಯಾವಾಗ ತಲುಪುತ್ತದೆ ಎಂದು ಕೇಳಬೇಡಿ ಎಂದರು. ಆಮೇಲೆ ಟ್ರಾನ್ಸ್‌ಪೋರ್ಟ್ ಆಫೀಸುಗಳು. ಒಂದು ಕಡೆ ಪೂರ್ತಿ ಲಾರಿ ಹಿಡಿಯಿರಿ ಎಂದರು, ಇನ್ನೊಂದು ಕಡೆ ಹುಬ್ಬಳ್ಳಿಯವರೆಗೆ ಮಾತ್ರ ಎಂದರು. ಮೂರನೆಯವನು ಹೇಳಿದ ಬಾಡಿಗೆ ಕುರ್ಚಿಯ ಬೆಲೆಗಿಂತ ಜಾಸ್ತಿ. ಡಾಕ್ಟ್ರು ಹಾಗಂದಾಗ, "ಹಾಗಾದರೆ ಕುರ್ಚಿ ಬಿಟ್ಟುಹೋಗಿ, ಲಾಭ" ಎಂದು ಹಿಂದಿಯಲ್ಲಿ ನಕ್ಕ. ನನ್ನ ಚೌಕಾಸಿಯ ಜಂಬವೆಲ್ಲ ಅಲ್ಲಿಗೆ ಇಳಿಯಿತು. ನನಗೆ ಹಿಂದಿಯಲ್ಲಿ ಚೌಕಾಸಿ ಬರುತ್ತಿರಲಿಲ್ಲ.

ಎರಡನೆಯ ದಿನ ಸಹಪಾಠಿಯ ಮನೆಯ ಜಗುಲಿಯಲ್ಲಿ ಕೂತಿದ್ದಾಗ ಡಾಕ್ಟ್ರು ಮೆಲ್ಲಗೆ, "ತಕ್ಕಡಿ ಮುಂದೆ ಕೂರೋದು ಅಂಥಾ ಕಷ್ಟ ಏನಲ್ಲ ಬಿಡು" ಎಂದರು. ನನಗೆ ಬಚ್ಚಲಿನ ಸಾಲು ಕಣ್ಣ ಮುಂದೆ ಬಂತು. ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಮಂಡಿಯ ಮನೆಯಲ್ಲಿ ಆರು ತಿಂಗಳು ಕಿವಿ ತೆರೆದುಕೊಂಡು ಇದ್ದವಳಿಗೆ ಒಂದು ವಿಷಯ ತಿಳಿದಿತ್ತು. ನಮ್ಮ ಕಡೆಯ ತೆಂಗಿನಕಾಯಿ ಲಾರಿಗಳು ಪುಣೆಗೆ ಬರುತ್ತವೆ, ವಾಪಸ್ಸು ಹೋಗುವಾಗ ಕೊಲ್ಹಾಪುರದಲ್ಲಿ ಬೆಲ್ಲ ತುಂಬಿಕೊಳ್ಳುತ್ತವೆ. ಆಫೀಸಿನಲ್ಲಿ ಕೇಳಿದರೆ ಬಾಡಿಗೆ, ಡ್ರೈವರನ್ನೇ ಕೇಳಿದರೆ ಅದು ಬರೀ ಮೂಲೆಯಲ್ಲೊಂದು ಜಾಗ. ಮಾವನ ಲಾರಿಯವರನ್ನು ಕೇಳುವಂತಿರಲಿಲ್ಲ, ಅಷ್ಟೇ. ಬೇರೆಯವರು ಇಲ್ಲವೇ?

ಕಾಯಿ ಮಾರುಕಟ್ಟೆಯ ಹಿಂದಿನ ಬಯಲಿನಲ್ಲಿ ನೂರಾರು ಲಾರಿ. ಹಿಂದಿನ ಹಲಗೆಯ ಮೇಲೆ ಕನ್ನಡ ಅಕ್ಷರ ಎಲ್ಲಾದರೂ ಕಾಣುತ್ತದೆಯೇ ಎಂದು ಓದುತ್ತಾ ಹೋದೆ, ಡಾಕ್ಟ್ರು ನಾಲ್ಕು ಹೆಜ್ಜೆ ಹಿಂದೆ ನಾಚಿಕೊಂಡು ಬಂದರು. ಅಕ್ಷರಕ್ಕಿಂತ ಮೊದಲು ಸಿಕ್ಕಿದ್ದು ವಾಸನೆ. ಒಂದು ಲಾರಿಯ ನೆರಳಿನಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ಪಾತ್ರೆ, ಒಬ್ಬ ದಪ್ಪ ಮೀಸೆಯ ಮನುಷ್ಯ ಕುಕ್ಕರುಗಾಲಲ್ಲಿ ಕೂತು ರಾಗಿ ಮುದ್ದೆ ತಿರುವುತ್ತಿದ್ದ. ತಿರುವುತ್ತಿದ್ದ ಎಂದರೆ ಒದ್ದಾಡುತ್ತಿದ್ದ. ಇಡೀ ಪಾತ್ರೆ ಗಂಟುಗಂಟು.

"ಗಂಟಾಗ್ತೈತೆ, ಕೋಲು ಇತ್ತ ಕೊಡ್ರಿ" ಎಂದೆ.

ಆ ಊರಿನಲ್ಲಿ ನಮ್ಮ ಕಡೆಯ ಮಾತು ಕೇಳಿ ಅವನು ತಟ್ಟನೆ ತಲೆಯೆತ್ತಿದ. ಕೋಲು ಕೊಟ್ಟ. ನಾನು ಸೆರಗು ಸಿಕ್ಕಿಸಿ ಕೂತು ಮುದ್ದೆ ತಿರುವಿ ನಾಲ್ಕು ಉಂಡೆ ಕಟ್ಟಿಟ್ಟೆ. ಅವನ ಹೆಸರು ರಂಗಪ್ಪ, ಹಿರಿಯೂರು ಕಡೆ ಜವನಗೊಂಡನಹಳ್ಳಿಯವನು. ಅಣ್ಣತಮ್ಮಂದಿರು ಈಗಲೂ ಕುರಿ ಮೇಯಿಸುತ್ತಿದ್ದರು, ಇವನೊಬ್ಬ ಸ್ಟೀರಿಂಗ್ ಹಿಡಿದಿದ್ದ. ಬೆಲ್ಲವನ್ನು ಚಿತ್ರದುರ್ಗದಲ್ಲಿ ಇಳಿಸಿ, ಹೊಳಲ್ಕೆರೆ ಮೇಲೆ ಹೊಸದುರ್ಗಕ್ಕೆ ಹೋಗಿ ಯಾರದ್ದೋ ಕಾಯಿ ತುಂಬುವವನಿದ್ದ. ನಮ್ಮ ಮಾವನ ಹೆಸರು ಅವನಿಗೆ ಗೊತ್ತಿರಲಿಲ್ಲ. ದೇವರು ದೊಡ್ಡವನು ಅಂದುಕೊಂಡೆ.

ಎರಡನೆಯ ಮುದ್ದೆ ಮುರಿಯುವಾಗ ವಿಷಯ ಎತ್ತಿದೆ.

"ಕುರ್ಚಿ ತಾನೆ? ಬಿಸಾಕ್ರಿ ಹಿಂದೆ" ಎಂದ. ಕುರ್ಚಿ ನೋಡಿದ ಮೇಲೆ ಮೀಸೆ ತಿರುವಿದ. "ಇದು ಕುರ್ಚಿಯಲ್ಲ ಕಣಕ್ಕ, ಎಮ್ಮೆ. ಇರ್ಲಿ. ನಮ್ಮ ಕ್ಲೀನರು ಸಾತಾರದಾಗೆ ಹೇಳ್ದೆ ಕೇಳ್ದೆ ಇಳ್ದು ಹೋದ. ಡಾಕ್ಟ್ರು ಕ್ಲೀನರ್ ಕೆಲ್ಸ ಮಾಡ್ಲಿ, ನೀನು ದಿನಾ ಎಲ್ಡು ಹೊತ್ತು ಮುದ್ದೆ ಮಾಡಾಕು. ಡೀಸೆಲ್‌ಗೆ ಅಂತ ಮೂವತ್ತು ಕೊಡ್ರಿ ಸಾಕು. ಹೋಗಾಣ."

ಹೀಗೆ ನಮ್ಮ ಸಂಸಾರ ಶುರುವಾಯಿತು. ಹದಿನೆಂಟು ಜನರ ಮನೆಯಲ್ಲಿ ಆರು ತಿಂಗಳಲ್ಲಿ ಗಂಡನ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತು ಆ ಐದು ದಿನಗಳಲ್ಲಿ ಆಡಿದೆ. ಲಾರಿ ಹಿಂದಕ್ಕೆ ತೆಗೆಯುವಾಗ ಹಿಂದೆ ನಿಂತು "ಬರ್ಲಿ, ಬರ್ಲಿ, ಹೋಲ್ಡಾನ್" ಎಂದು ಕೂಗುವುದು ಕ್ಲೀನರ ಕೆಲಸ. ನಮ್ಮ ಡಾಕ್ಟ್ರು ಮೊದಲ ದಿನ "ದಯವಿಟ್ಟು ಇನ್ನು ಸ್ವಲ್ಪ" ಎಂದು ಮೆಲ್ಲಗೆ ಹೇಳಿ ಒಂದು ಚಹದಂಗಡಿಯ ಚಪ್ಪರ ಬೀಳಿಸಿದರು. ಧಾರವಾಡ ದಾಟುವ ಹೊತ್ತಿಗೆ ಹಲಗೆ ತಟ್ಟಿ ಅರಚುವುದು ಎಷ್ಟು ರೂಢಿಯಾಗಿತ್ತೆಂದರೆ, ಮುಂದೆ ಶಾಪಿನಲ್ಲೂ ರೋಗಿ ಬಾಯಿ ತೆರೆಯುವಾಗ "ಬರ್ಲಿ, ಬರ್ಲಿ" ಎನ್ನುತ್ತಿದ್ದರು. ಲಾರಿ ನಿಂತ ಕಡೆಯಲ್ಲೆಲ್ಲ ಜನ ಹಿಂದೆ ಹತ್ತಿ ಕುರ್ಚಿಯಲ್ಲಿ ಕೂತು ನೋಡಿ ಹೋಗುತ್ತಿದ್ದರು. ಹಾವೇರಿಯಲ್ಲಿ ಟೈರು ಪಂಕ್ಚರಾಗಿ ಅರ್ಧ ದಿನ ಹೋಯಿತು, ರಾಣೆಬೆನ್ನೂರಿನಲ್ಲಿ ಇನ್ನೊಂದು ಟೈರು. ದುರ್ಗ ಮುಟ್ಟಿದಾಗ ಯುಗಾದಿಗೆ ಒಂದೇ ದಿನ ಬಾಕಿ. ನನ್ನ ತವರಿನ ಅಂಗಡಿಯ ಮುಂದೆಯೇ ಲಾರಿ ಹೋಯಿತು. ಲಾರಿಯ ಮುಂದಿನ ಸೀಟಿನಲ್ಲಿ ಮಗಳನ್ನು ಅಮ್ಮ ಕಂಡರೆ ಪ್ರಾಣ ಬಿಟ್ಟಾಳೆಂದು ನಾನು ಬಗ್ಗಿ ರಂಗಪ್ಪನ ನೀರಿನ ಹೂಜಿಯ ಪಕ್ಕ ಮುದುರಿ ಕೂತೆ.

ಬೆಲ್ಲ ಇಳಿಸಿದ ಮೇಲೆ ಲಾರಿ ಖಾಲಿ. ಖಾಲಿ ಲಾರಿ ಕುಣಿಯುತ್ತದೆ, ಕುರ್ಚಿಯೂ ಕುಣಿಯತೊಡಗಿತು. ಪಿಂಗಾಣಿ ಬಟ್ಟಲು ಈಗ ಹೋಯಿತು ಆಗ ಹೋಯಿತು ಎನ್ನುವಂತಾಯಿತು. ರಂಗಪ್ಪ ಕುರ್ಚಿಯನ್ನು ನಡುಮಧ್ಯೆ ನಿಲ್ಲಿಸಿ ನಾಲ್ಕು ಕಡೆಗೂ ಹಗ್ಗ ಬಿಗಿದು, "ಡಾಕ್ಟ್ರೇ, ನೀವು ಮ್ಯಾಲೆ ಕುಂತ್ಕಳ್ರಿ. ಭಾರ ಬಿದ್ರೆ ಅಲ್ಲಾಡಂಗಿಲ್ಲ" ಎಂದ. ಡಾಕ್ಟ್ರು ಕೂತರು. ಬಿಸಿಲು, ಕೆಂಪು ಧೂಳು ತಡೆಯಲಾರದೆ ಆ ಕಾವಿ ಗವಸನ್ನು ತಲೆಯ ಮೇಲಿಂದ ಮೈತುಂಬ ಹೊದ್ದುಕೊಂಡರು. ಐದು ದಿನದ ಗಡ್ಡ ಇತ್ತು. ಇನ್ನೊಂದು ಎಡವಟ್ಟು ನಮಗೆ ಆಮೇಲೆ ತಿಳಿಯಿತು. ಬಿಗಿದ ಹಗ್ಗಗಳಲ್ಲಿ ಒಂದು ಪೆಡಲಿಗೆ ಸಿಕ್ಕಿಕೊಂಡಿತ್ತು. ರಸ್ತೆಯ ಒಂದೊಂದು ಗುಂಡಿಗೂ ಪೆಡಲು ಒತ್ತಿ ಕುರ್ಚಿ ಒಂದು ಬೆರಳಿನಷ್ಟು ಮೇಲೇರುತ್ತಿತ್ತು. ಆ ರಸ್ತೆಯಲ್ಲಿ ಗುಂಡಿಗೆ ಬರವಿರಲಿಲ್ಲ. ಹೊಳಲ್ಕೆರೆ ದಾಟುವಾಗ ನಮ್ಮ ಡಾಕ್ಟ್ರು ಲಾರಿಯ ಪಕ್ಕದ ಹಲಗೆಗಳಿಗಿಂತ ಎಷ್ಟೋ ಎತ್ತರದಲ್ಲಿ, ಎರಡು ಕೈಯಲ್ಲೂ ತೋಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಭಯಕ್ಕೆ ಕಣ್ಣು ಮುಚ್ಚಿಕೊಂಡು ಕೂತಿದ್ದರು.

ಹೊಳಲ್ಕೆರೆಯಾಚೆ ಒಂದು ಹಳ್ಳಿ. ಹೆಸರು ಹೇಳುವುದಿಲ್ಲ, ಅವರಿಗೆ ಈಗಲೂ ನಾಚಿಕೆಯಾದೀತು. ರೇಡಿಯೇಟರಿಗೆ ನೀರು ಹಾಕಲೆಂದು ರಂಗಪ್ಪ ಲಾರಿ ನಿಧಾನ ಮಾಡಿದ. ಊರ ಬಾಗಿಲಲ್ಲಿ ಮಾವಿನ ತೋರಣ, ಆರತಿ ಹಿಡಿದ ಹೆಂಗಸರು, ಡೊಳ್ಳು. ಆ ದಿನ ಮಠದ ಸ್ವಾಮಿಗಳು ಊರಿಗೆ ಬಿಜಯಂಗೈಯುವುದಿತ್ತಂತೆ. ನಮ್ಮ ಕಡೆ ಸ್ವಾಮಿಗಳನ್ನು ಟ್ರ್ಯಾಕ್ಟರಿನಲ್ಲೋ ಲಾರಿಯಲ್ಲೋ ಎತ್ತರದ ಪೀಠ ಇಟ್ಟು ಕೂರಿಸಿ ಕರೆತರುವುದು ವಾಡಿಕೆ. ಬೆಳಗಿನಿಂದ ಕಾಯುತ್ತಿದ್ದ ಆ ಜನಕ್ಕೆ ನಮ್ಮ ಲಾರಿ ಕಾಣಿಸಿತು. ಅವರದ್ದೇನೂ ತಪ್ಪಿಲ್ಲ, ನಾನೇ ಕೆಳಗೆ ನಿಂತಿದ್ದರೂ ಕೈ ಮುಗಿಯುತ್ತಿದ್ದೆ.

ಡೊಳ್ಳು ಶುರುವಾಯಿತು. ಟಪಟಪ ನಾಲ್ಕು ಕಾಯಿ ಒಡೆದವು. ಇಬ್ಬರು ಹಲಗೆ ಹತ್ತಿ ಡಾಕ್ಟ್ರ ಕೊರಳಿಗೆ ಸೇವಂತಿಗೆ ಹಾರ ಹಾಕಿದರು. ಡಾಕ್ಟ್ರು ಬಾಯಿ ತೆರೆದಾಗಲೆಲ್ಲ ಜನ ಜಯಕಾರ ಹಾಕುತ್ತಿದ್ದರು. ಹೊಸದುರ್ಗದ ಬಸ್ಸೊಂದು ಪಕ್ಕದಲ್ಲೇ ನಿಧಾನವಾಗಿ ಹಾದುಹೋಯಿತು, ಕಿಟಕಿಗಳಿಂದ ಜನ ಕೈ ಮುಗಿದರು. ಕೊನೆಗೂ ಡೊಳ್ಳು ಉಸಿರು ತೆಗೆದುಕೊಂಡಾಗ ಡಾಕ್ಟ್ರು ಅಳುವ ದನಿಯಲ್ಲಿ, "ನಾನು ಸ್ವಾಮಿ ಅಲ್ಲರೀ, ಹಲ್ಲಿನ ಡಾಕ್ಟ್ರು" ಎಂದರು.

ಎತ್ತಿದ್ದ ಆರತಿ ತಟ್ಟೆಗಳು ಕೆಳಗಿಳಿದವು. ಊರಿನ ಗೌಡರು, "ಹಲ್ಲಿನ ಡಾಕ್ಟ್ರು ಲಾರಿ ಮ್ಯಾಲೆ ಯಾಕೆ ಕುಂತೀರಿ?" ಎಂದರು. ಉತ್ತರ ಉದ್ದವಿತ್ತು. ಅಷ್ಟರಲ್ಲಿ ಒಬ್ಬಳು ಅಜ್ಜಿ ಕೆನ್ನೆ ಹಿಡಿದುಕೊಂಡು ಮುಂದೆ ಬಂದಳು. "ಸ್ವಾಮ್ಯಾರಾದ್ರೆ ಆಶೀರ್ವಾದ ಮಾಡ್ತಿದ್ರು. ಡಾಕ್ಟ್ರಾದ್ರೆ ಇನ್ನೂ ಚಲೋ ಆತು. ತಿಂಗ್ಳಿಂದ ನಿದ್ದೆ ಇಲ್ಲ, ಈ ಹಲ್ಲು ನೋಡಪ್ಪ." ಅಜ್ಜಿಯನ್ನು ಎತ್ತಿ ಲಾರಿಗೆ ಹತ್ತಿಸಿದರು. ಡಾಕ್ಟ್ರು ಕುರ್ಚಿಯಿಂದ ಇಳಿದು, ಜೊತೆಗೆ ತಂದಿದ್ದ ಟ್ರಂಕಿನಿಂದ ಹಲ್ಲು ಕೀಳುವ ಸಾಮಾನು ತೆಗೆದು, ಸ್ವಾಮಿಗಳ ಪಾದ ತೊಳೆಯಲೆಂದು ಕಾಯಿಸಿಟ್ಟಿದ್ದ ನೀರಲ್ಲಿ ಕುದಿಸಿ, ಹಾರ ತೆಗೆಯುವುದನ್ನೂ ಮರೆತು, ಇಡೀ ಊರು ನೋಡುತ್ತಿರುವಾಗ ಹಲ್ಲು ಕಿತ್ತರು. ಒಂದೇ ಎಳೆತಕ್ಕೆ ಬಂತು. ನಾನು ಅವರನ್ನು ಕೆಲಸ ಮಾಡುವಾಗ ನೋಡಿದ್ದು ಅದೇ ಮೊದಲು, ನನಗೆ ಎದೆ ತುಂಬಿ ಬಂತು. ಹಾರ ತೆಗೆಯಲು ಹೋದಾಗ ಅಜ್ಜಿ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಬೇಡ ಎಂದು ಕೈ ಆಡಿಸಿದಳು. ಹೀಗಾಗಿ ಹಾರ ಉಳಿಯಿತು, ಗವಸೂ ಉಳಿಯಿತು, ಪೆಡಲಿಗೆ ಸಿಕ್ಕ ಹಗ್ಗವೂ ಉಳಿಯಿತು.

ನಮಗಿಂತ ಒಂದು ಗಂಟೆ ಮೊದಲು ಆ ಬಸ್ಸು ಹೊಸದುರ್ಗ ಸೇರಿತ್ತು. ಬಸ್ಸಿನಲ್ಲಿ ಡಾಕ್ಟ್ರ ಗುರುತು ಹಿಡಿದ ಯಾರೋ ನೇರ ಮಂಡಿಗೆ ಹೋಗಿ ಮಾವನಿಗೆ, "ನಿನ್ನ ಮಗ ಕಾವಿ ಹಾಕ್ಕಂಡು ಪೀಠ ಏರವ್ನೆ, ಊರೂರಾಗೆ ಹಾರ ಹಾಕ್ತಾವ್ರೆ" ಎಂದು ಮುಟ್ಟಿಸಿದ್ದರು. ಇದೆಲ್ಲ ನಮಗೇನು ಗೊತ್ತು? ಊರು ಎರಡು ಮೈಲಿ ಇದೆ ಎನ್ನುವಾಗ ರಸ್ತೆಯ ನಡುವೆ ಒಬ್ಬರು ಎರಡೂ ಕೈ ಎತ್ತಿ ನಿಂತಿದ್ದು ಕಾಣಿಸಿತು. ಬ್ರೇಕು ಹಾಕಿದ ಮೇಲೆ ನೋಡಿದರೆ ಮಾವ.

ನನ್ನ ಕಡೆ ನೋಡಲೇ ಇಲ್ಲ. ಕತ್ತು ಮೇಲೆತ್ತಿ ಮಗನನ್ನು ನೋಡಿದರು. ಗಡ್ಡ, ಕಾವಿ, ಹಾರ, ಆ ಎತ್ತರ.

"ಲೇ ಮಾದೇವ, ಬ್ಯಾಡ ಕಣಪ್ಪ! ಕಟ್ಕಂಡು ಇನ್ನಾ ಆರೇ ತಿಂಗ್ಳು, ಆ ಹುಡುಗಿ ಮಕ ನೋಡ್ಲಾ. ನಾನೇನೋ ಸಿಟ್ಟಿಗೆ ಅಂದೆ. ಹಲ್ಲಾದ್ರೂ ಕೀಳು, ಏನಾದ್ರೂ ಕೀಳು, ಹಿರಿಯೂರಿಗಾದ್ರೂ ಹೋಗು. ಸನ್ಯಾಸ ಬ್ಯಾಡ. ಇಳಿಯಪ್ಪ, ಇಳಿ!"

ನಾನು ಕ್ಯಾಬಿನ್ನಿನಲ್ಲಿ ಸೆರಗನ್ನು ಬಾಯಿಗೆ ತುರುಕಿಕೊಂಡು ಹೊಟ್ಟೆ ಹಿಡಿದುಕೊಂಡೆ. ಡಾಕ್ಟ್ರು ದಡಬಡ ಇಳಿದು ಅಪ್ಪನ ಕಾಲಿಗೆ ಬಿದ್ದರು. ಏನು ಮಾತಾಡಿದರೋ ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. ಐದು ನಿಮಿಷದಲ್ಲಿ ಮಾವ ಮಾವನಾದರು. ಲಾರಿಯ ಸುತ್ತ ಒಂದು ಸುತ್ತು ಬಂದು ಕುರ್ಚಿ ನೋಡಿ, "ಬಾಡಿಗೆ ಎಷ್ಟಾತು?" ಎಂದರು. ರಂಗಪ್ಪ ಹೇಳಿದ. "ಪುಣೆಯಿಂದ ಮೂವತ್ತಕ್ಕಾ? ನನ್ನ ಹತ್ರ ಒಬ್ಬ ಬಡ್ಡೀಮಗನೂ ಆ ರೇಟಿಗೆ ಬಂದಿಲ್ಲ! ಯಾರು ಮಾತಾಡಿದ್ದು?" ಡಾಕ್ಟ್ರು ನನ್ನ ಕಡೆ ಬೊಟ್ಟು ಮಾಡಿದರು. ಸೊಸೆಯನ್ನು ಅವರು ಸರಿಯಾಗಿ ನೋಡಿದ್ದು ಆಗಲೇ ಎಂದು ನನ್ನ ಅನುಮಾನ. ಹಬ್ಬ ಮುಗಿಸಿ ಅದೇ ರಂಗಪ್ಪನ ಲಾರಿಯಲ್ಲಿ, ಕಾಯಿ ಮೂಟೆಗಳ ನಡುವೆ, ಕುರ್ಚಿಯೂ ನಾವೂ ಹಿರಿಯೂರಿಗೆ ಹೋದೆವು. ನನ್ನ ಬಾಗಿಲು ನನಗೆ ಸಿಕ್ಕಿತು. ಮೊದಲ ದಿನ ಸುಮ್ಮಸುಮ್ಮನೆ ಹತ್ತು ಸಲ ಚಿಲಕ ಹಾಕಿ ತೆಗೆದೆ.

ಅಂದಿನಿಂದ ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮದುವೆಮನೆ, ಬಸ್ಸು, ಶಾಪಿನ ಬೆಂಚು. ರಸ್ತೆ ನಡುವೆ ಕೈ ಎತ್ತಿ ನಿಲ್ಲುವ ಮಾವನ ಪಾತ್ರವನ್ನು ನಾನು ಅಭಿನಯಿಸಿಯೇ ತೋರಿಸುತ್ತೇನೆ, ಜನ ಬಿದ್ದು ಬಿದ್ದು ನಗುತ್ತಾರೆ. ನಿನ್ನೆಯೂ ಬೆಲ್ಲ ಕೈಯಲ್ಲಿ ಹಿಡಿದುಕೊಂಡೇ ಪಕ್ಕದ ಮನೆಯ ಹೊಸ ಸೊಸೆಗೆ ಹೇಳಿದೆ. ಆ ಹುಡುಗಿ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾ ಹೋದ ಮೇಲೆ, ಬಾಗಿಲಲ್ಲಿ ನಿಂತಿದ್ದ ಡಾಕ್ಟ್ರು ಮೆಲ್ಲಗೆ ಹೇಳಿದರು:

"ಅಪ್ಪನ ಕಾಲಾಗೆ ಚಪ್ಪಲಿ ಇರ್ಲಿಲ್ಲ ಕಣೇ."

"ಯಾವತ್ತು?"

"ಅವತ್ತು. ನೀನು ಮ್ಯಾಲೆ ಕುಂತಿದ್ದೆ, ನಿನಗೆ ಪೇಟ ಕಾಣ್ತಿತ್ತು. ಕಾಲಿಗೆ ಬಿದ್ದೋನು ನಾನು. ಆ ಬಿಸ್ಲಾಗೆ ಮಂಡಿಯಿಂದ ಅಲ್ಲೀಗಂಟ ಬರಿಗಾಲಾಗೆ ಓಡಿ ಬಂದಿದ್ರು. ಅಂಗಾಲೆಲ್ಲ ಬೊಬ್ಬೆ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಎಲ್ರೂ ನಗ್ತಿದ್ರಲ್ಲ" ಎಂದು ಅವರು ಒಳಗೆ ಹೋದರು.

ಮಾವ ತೀರಿಕೊಂಡು ಎಷ್ಟೋ ಕಾಲವಾಯಿತು. ಅವರಿಂದ ನಾನು ಬಾಗಿಲು ಗೆದ್ದುಕೊಂಡೆ ಎಂದೇ ಇಲ್ಲಿಯವರೆಗೂ ಅಂದುಕೊಂಡಿದ್ದೆ. ಅವರು ಅಲ್ಲಿ ನಿಂತಿದ್ದದ್ದು ಮಗ ಕೈಬಿಟ್ಟುಹೋದ ಎಂಬ ಭಯದಲ್ಲಿ. ನಿನ್ನೆ ನನಗೆ ತುಂಬ ನಾಚಿಕೆಯಾಯಿತು. ಕಥೆ ಹೇಳುವುದನ್ನು ಬಿಡುವವಳಲ್ಲ ನಾನು, ಇನ್ನೂ ಹೇಳುತ್ತೇನೆ, ಜನ ನಗಲಿ. ಆದರೆ ಆ ಜಾಗ ಬಂದಾಗ ಈ ಸಲ ನಾನೂ ಲಾರಿಯಿಂದ ಕೆಳಗೆ ಇಳಿಯಬೇಕು.